ಹೊಸ್ತಿಲು ದಾಟುವ ಗಾಲಿ: ಹಳೇ ಗುಡಿ, ಕೋಟೆ, ಸ್ಮಾರಕಗಳನ್ನು ಎಲ್ಲರಿಗೂ ಎಟುಕುವಂತೆ ಮಾಡುವುದು ಹೇಗೆ?

ಅಮ್ಮನಿಗೆ ಮಂಡಿ ಆಪರೇಷನ್ ಆದ ವರ್ಷ ಮನೆಮಂದಿಯೆಲ್ಲ ಒಂದು ಹೊಯ್ಸಳ ಗುಡಿಗೆ ಹೋಗಿದ್ದೆವು. ಊರ ಹೆಸರು ಬೇಡ. ಅಲ್ಲಿ ರ‍್ಯಾಂಪ್ ಇತ್ತು. ಹೊಸದು, ಫಳಫಳ ಹೊಳೆಯುವ ಕೈಕಂಬಿ ಬೇರೆ. ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರ ಇರುವ ಬೋರ್ಡೂ ಇತ್ತು. ಆದರೆ ಅಲ್ಲಿಗೆ ಹೋಗಲು ಜಲ್ಲಿ ಸುರಿದ ಅಂಗಳ ದಾಟಬೇಕು. ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರಗಳು ಜಲ್ಲಿಯಲ್ಲಿ ಹೂತು ಅಡ್ಡ ತಿರುಗಿದವು. ಕೊನೆಗೆ ಕುರ್ಚಿಯನ್ನು ಹಿಂದುಮುಂದು ಮಾಡಿ ಎಳೆದುಕೊಂಡು ಹೋದೆವು. ಅಂತೂ ರ‍್ಯಾಂಪಿನ ಬುಡ ಮುಟ್ಟಿದರೆ, ಅದು ಶುರುವಾಗುವ ಕಡೆ ಒಂದು ಮೆಟ್ಟಿಲು! ನಾಲ್ಕು ಬೆರಳು ಎತ್ತರದ್ದು. "ನೀವು ನೋಡ್ಕೊಂಡು ಬನ್ನಿ, ನಾನಿಲ್ಲೇ ಮರದ ಕೆಳಗೆ ಕೂತಿರ್ತೀನಿ" ಅಂದರು ಅಮ್ಮ.

ಆ ರ‍್ಯಾಂಪ್ ಕಟ್ಟಿಸಿದವರ ಹತ್ತಿರ ದುಡ್ಡಿತ್ತು, ಮನಸ್ಸೂ ಇತ್ತು. ಗೇಟಿನಿಂದ ಒಂದು ವೀಲ್‌ಚೇರ್ ತಳ್ಳಿಕೊಂಡು ಬಂದು ನೋಡಿರಲಿಲ್ಲ, ಅಷ್ಟೇ. ಎಲ್ಲರಿಗೂ ಎಟುಕುವ ದಾರಿ ಅಂದರೆ ಸರಪಳಿ ಇದ್ದ ಹಾಗೆ. ಬಸ್ ಸ್ಟಾಪಿನಿಂದ ಗುಡಿಯ ಒಳಗಿನವರೆಗೆ, ಅಲ್ಲಿಂದ ಶೌಚಾಲಯಕ್ಕೆ, ಮತ್ತೆ ವಾಪಸ್ ಬಸ್ಸಿನವರೆಗೆ. ಒಂದು ಕೊಂಡಿ ಕಳಚಿದರೂ ಉಳಿದದ್ದಕ್ಕೆ ಹಾಕಿದ ದುಡ್ಡು ದಂಡ.

ನಿಮ್ಮೂರಲ್ಲಿ ಒಂದು ಹಳೇ ಗುಡಿಯೋ, ಕೋಟೆಯೋ, ಬ್ರಿಟಿಷರ ಕಾಲದ ಬಂಗಲೆಯೋ ಇದ್ದು, ಅದನ್ನು ಎಲ್ಲರೂ ನೋಡುವಂತೆ ಮಾಡಬೇಕು ಅನಿಸಿದ್ದರೆ ಇದು ನಿಮಗಾಗಿ. ದೇವಸ್ಥಾನ ಸಮಿತಿಯವರು, ಪಂಚಾಯಿತಿ ಸದಸ್ಯರು, ಮೇಷ್ಟ್ರುಗಳು, ಆರ್ಕಿಟೆಕ್ಚರ್ ಓದುವ ಹುಡುಗರು ಯಾರು ಬೇಕಾದರೂ ಶುರು ಮಾಡಬಹುದು.

1. ಇದು ಯಾರ ಸ್ವತ್ತು ಅಂತ ಮೊದಲು ತಿಳಿದುಕೊಳ್ಳಿ

ಒಳ್ಳೇ ಕೆಲಸ ಅಂತ ಸಿಮೆಂಟ್ ಚೀಲ ಹೊತ್ತುಕೊಂಡು ಹೋಗಬೇಡಿ. ಕೇಸ್ ಬೀಳುತ್ತೆ. ಕರ್ನಾಟಕದಲ್ಲಿ ಸ್ಮಾರಕಗಳಿಗೆ ಮುಖ್ಯವಾಗಿ ಮೂರು ಥರದ ಯಜಮಾನರಿದ್ದಾರೆ.

ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ, ಅಂದರೆ ಎಎಸ್‌ಐ, ನೋಡಿಕೊಳ್ಳುವ ಸ್ಮಾರಕಗಳಿಗೆ 1958ರ ಕಾಯಿದೆ ಅನ್ವಯಿಸುತ್ತದೆ. ಅಲ್ಲಿ ಅನುಮತಿ ಇಲ್ಲದೆ ಒಂದು ಮೊಳೆ ಹೊಡೆಯುವ ಹಾಗೂ ಇಲ್ಲ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಮ್ಮ ರಾಜ್ಯದಲ್ಲಿ ಎಎಸ್‌ಐಗೆ ಬೆಂಗಳೂರು, ಧಾರವಾಡ, ಹಂಪಿ ಅಂತ ಮೂರು ವೃತ್ತ ಕಚೇರಿಗಳಿವೆ. ನಿಮ್ಮ ಸ್ಮಾರಕ ಯಾವುದಕ್ಕೆ ಸೇರುತ್ತದೆ ನೋಡಿಕೊಳ್ಳಿ. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಗಳು 1961ರ ರಾಜ್ಯ ಕಾಯಿದೆಗೆ ಒಳಪಡುತ್ತವೆ. ಅವನ್ನು ನೋಡಿಕೊಳ್ಳುವ ಇಲಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲಿದೆ. ಮೂರನೆಯವರು ಮುಜರಾಯಿ, ಟ್ರಸ್ಟು ಅಥವಾ ಖಾಸಗಿ ಮನೆತನ. ಹಂಪಿಯಲ್ಲಿ ಇವರೆಲ್ಲರ ಜೊತೆಗೆ 2002ರ ಕಾಯಿದೆಯಿಂದ ಹುಟ್ಟಿದ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೂ ಇದೆ.

ಪೂಜೆ ನಡೆಯುವ ಗುಡಿಯಾದರೆ ಅರ್ಚಕರನ್ನು ಮೊದಲ ದಿನವೇ ಕೂರಿಸಿಕೊಂಡು ಮಾತಾಡಿ. ಕಾಗದದ ಮೇಲೆ ಅವರ ಸಹಿ ಬೇಕಿಲ್ಲದಿರಬಹುದು. ಆದರೆ ಅವರು ಬೇಡ ಅಂದರೆ ಯಾವ ರ‍್ಯಾಂಪೂ ಉಳಿಯಲ್ಲ.

ಕಾನೂನು ನಿಮ್ಮ ಕಡೆಗಿದೆ ಅನ್ನುವುದೂ ಗೊತ್ತಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸಾರ್ವಜನಿಕರು ಬಳಸುವ ಹಳೇ ಕಟ್ಟಡಗಳನ್ನೂ ಎಟುಕುವಂತೆ ಮಾಡಲು ಅದು ಐದು ವರ್ಷ ಗಡುವು ಕೊಟ್ಟಿತ್ತು. ನಿಯಮಗಳು ಬಂದಿದ್ದು ಜೂನ್ 2017ರಲ್ಲಿ. ಲೆಕ್ಕ ಹಾಕಿ, ಗಡುವು ಯಾವತ್ತೋ ಮುಗಿದಿದೆ. ನವೆಂಬರ್ 2024ರಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿತು. ಈ ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕೆಲವನ್ನಾದರೂ ಕಡ್ಡಾಯ ಮಾಡಿ ಅಂತ ಕೇಂದ್ರಕ್ಕೆ ಸೂಚಿಸಿತು. ಅರ್ಜಿ ಬರೆಯುವಾಗ ಈ ಎರಡು ಸಾಲು ಸೇರಿಸಿ, ಫೈಲು ಸ್ವಲ್ಪ ಬೇಗ ಓಡುತ್ತದೆ.

2. ಜೊತೆಗೆ ಯಾರಿರಬೇಕು

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿದೆ. ಇದರಲ್ಲಿ ಮಂಡಿನೋವಿನ ಅಜ್ಜಿಯರು, ಬಸುರಿಯರು, ಮಗು ಎತ್ತಿಕೊಂಡ ಅಪ್ಪಂದಿರು ಸೇರಿಲ್ಲ. ಹಾಗಾಗಿ "ನಮ್ಮೂರಲ್ಲಿ ಅಂಥವರು ಯಾರೂ ಇಲ್ಲ" ಅನ್ನುವ ಮಾತನ್ನು ನಂಬಬೇಡಿ. ಅವರು ಇದ್ದಾರೆ, ಗುಡಿಗೆ ಬರುವುದನ್ನು ಬಿಟ್ಟಿದ್ದಾರೆ ಅಷ್ಟೇ.

ಹುಡುಕುವುದು ಕಷ್ಟವಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿಆರ್‌ಡಬ್ಲ್ಯೂ ಅಂದರೆ ಎಲ್ಲರಿಗೂ ಗೊತ್ತು. ಅವರಿಗೆ ಒಂದು ಫೋನ್ ಮಾಡಿ. ವೀಲ್‌ಚೇರ್ ಬಳಸುವ ಒಬ್ಬರು, ಕಣ್ಣು ಕಾಣದ ಒಬ್ಬರು, ಕಿವಿ ಕೇಳದ ಒಬ್ಬರು, ಕೋಲು ಹಿಡಿದು ನಡೆಯುವ ಒಬ್ಬ ಹಿರಿಯರು, ಇಷ್ಟು ಜನ ಸಿಕ್ಕರೆ ತಂಡ ಆಯಿತು. ಬಸ್ ಚಾರ್ಜು, ಊಟ, ಆ ದಿನದ ಕೂಲಿ ಕೊಡಿ. ಇಂಜಿನಿಯರ್‌ಗೆ ಫೀಸ್ ಕೊಡ್ತೀವಿ ಅಲ್ವಾ? ಇದೂ ಅಂಥದ್ದೇ ಕೆಲಸ.

ಕೆಲವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು "ಅನುಭವ ಪಡೆಯಲು" ನಡೆದು ನೋಡುತ್ತಾರೆ. ಸುಮ್ನೆ ಟೈಮ್ ವೇಸ್ಟ್. ಅದರಿಂದ ಗೊತ್ತಾಗುವುದು ನಿಮ್ಮ ಹೆದರಿಕೆ ಮಾತ್ರ. ಹುಟ್ಟಿನಿಂದ ಕಣ್ಣು ಕಾಣದವರು ಗೋಡೆಯ ತಂಪು, ದನಿಯ ಮಾರ್ದನಿ, ಕಾಲಡಿಯ ಕಲ್ಲಿನ ಬದಲಾವಣೆ ಹಿಡಿದು ದಾರಿ ಕಂಡುಕೊಳ್ಳುತ್ತಾರೆ. ಅದನ್ನು ಅವರೇ ಹೇಳಬೇಕು.

3. ನಡೆಯಿರಿ, ಅಳೆಯಿರಿ, ಬರೆಯಿರಿ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಇಲ್ಲೇ ಹೋಗಬೇಕು. ಬೇಕಾದ ಸಾಮಾನು ಇಷ್ಟು: ಒಂದು ಅಳತೆ ಟೇಪು, 120 ಸೆಂಟಿಮೀಟರ್ ಉದ್ದದ ನೆಟ್ಟಗಿನ ಹಲಗೆ, ಗಾರೆ ಕೆಲಸದವರ ರಸಮಟ್ಟ, ನೋಟ್‌ಬುಕ್, ಫೋನು. ಸೀಮೆಸುಣ್ಣ, ಮಾರ್ಕರ್ ಮನೆಯಲ್ಲೇ ಬಿಟ್ಟುಬನ್ನಿ. ಕಲ್ಲಿನ ಮೇಲೆ ಗುರುತು ಹಾಕುವಂತಿಲ್ಲ.

ಬಸ್ ಸ್ಟಾಪಿನಿಂದ ಶುರು ಮಾಡಿ. ಗೇಟಿನಿಂದ ಅಲ್ಲ. ವೀಲ್‌ಚೇರಿನಲ್ಲಿ ಇರುವವರು ಮುಂದೆ ಹೋಗಲಿ, ನೀವು ಹಿಂದೆ. ಅವರು ನಿಂತ ಕಡೆಯಲ್ಲೆಲ್ಲ ಯಾಕೆ ನಿಂತರು ಅಂತ ಬರೆಯಿರಿ, ಫೋಟೋ ತೆಗೆಯಿರಿ. ಚರಂಡಿ ಮೇಲಿನ ಜಾಲರಿ, ಗೇಟಿಗೆ ಅಡ್ಡ ಹಾಕಿದ ಕಬ್ಬಿಣದ ಪೈಪು, ದನ ಬರದಂತೆ ಇಟ್ಟ ತಿರುಗಣೆ, ಟಿಕೆಟ್ ಕೌಂಟರಿನ ಎತ್ತರ, ಚಪ್ಪಲಿ ಬಿಡುವ ಜಾಗದ ಮೆಟ್ಟಿಲು, ಒಂದನ್ನೂ ಬಿಡಬೇಡಿ.

ಇಳಿಜಾರು ಅಳೆಯಲು ಹಲಗೆಯ ಉಪಾಯ ಹೇಳಿಕೊಡುತ್ತೇನೆ. ಹಲಗೆಯನ್ನು ಇಳಿಜಾರಿನ ಉದ್ದಕ್ಕೆ ಇಡಿ. ಮೇಲೆ ರಸಮಟ್ಟ ಇಡಿ. ಕೆಳಗಿನ ತುದಿಯನ್ನು ನಿಧಾನಕ್ಕೆ ಎತ್ತಿ, ಗುಳ್ಳೆ ನಡುವೆ ಬಂದು ನಿಲ್ಲಲಿ. ಈಗ ಆ ತುದಿಗೂ ನೆಲಕ್ಕೂ ಇರುವ ಸಂದು ಅಳೆಯಿರಿ. 10 ಸೆಂಟಿಮೀಟರ್ ಬಂದರೆ ಇಳಿಜಾರು 12ಕ್ಕೆ 1, ಅಂದರೆ 12 ಅಡಿ ಉದ್ದಕ್ಕೆ 1 ಅಡಿ ಏರು. ಇದು ರ‍್ಯಾಂಪಿಗೆ ಒಪ್ಪುವ ಕಡೇ ಮಿತಿ. 6 ಬಂದರೆ 20ಕ್ಕೆ 1, ಆರಾಮಾಗಿ ಹೋಗಬಹುದು. 10ಕ್ಕಿಂತ ಜಾಸ್ತಿ ಬಂದರೆ ಆ ಜಾಗದಲ್ಲಿ ಏನಾದರೂ ಮಾಡಲೇಬೇಕು. ಫೋನಿನಲ್ಲೂ ಮಟ್ಟ ನೋಡುವ ಆ್ಯಪ್ ಇರುತ್ತದೆ. ಅದರಲ್ಲಿ ಡಿಗ್ರಿ ಲೆಕ್ಕ: ಸುಮಾರು 4.8 ಡಿಗ್ರಿ ಅಂದರೆ 12ಕ್ಕೆ 1.

ನೆನಪಿಡಬೇಕಾದ ಬೇರೆ ಅಳತೆಗಳು:

- ಬಾಗಿಲಿನ ತೆರೆದ ಅಗಲ 90 ಸೆಂ.ಮೀ.
- ದಾರಿಯ ಅಗಲ ಕಡಿಮೆ ಅಂದರೂ 120 ಸೆಂ.ಮೀ. ಎರಡು ಕುರ್ಚಿ ಎದುರುಬದುರು ಹಾಯಬೇಕಾದರೆ 180.
- ಕುರ್ಚಿ ಪೂರ್ತಿ ತಿರುಗಲು ಒಂದೂವರೆ ಮೀಟರ್ ಅಡ್ಡಗಲದ ಖಾಲಿ ಜಾಗ.
- ಅಡ್ಡಪಟ್ಟಿ ಅಥವಾ ಹೊಸ್ತಿಲು 12 ಮಿಲಿಮೀಟರ್ ದಾಟಿದರೆ ಚಕ್ರಕ್ಕೆ ಅಡ್ಡಿ.

ಕಡೇ ಅಳತೆ ನೋಡಿ ನಗು ಬರಬಹುದು. ನಮ್ಮ ಗುಡಿಗಳ ಹೊಸ್ತಿಲು ಅದರ ಹತ್ತು ಪಟ್ಟಾದರೂ ಇರುತ್ತದೆ! ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

4. ದಾರಿ ಮೊದಲು, ರ‍್ಯಾಂಪ್ ಆಮೇಲೆ

ಜಲ್ಲಿ, ಮರಳು, ಹುಲ್ಲುಹಾಸು ನೋಡೋಕೆ ಚೆಂದ, ಚಕ್ರಕ್ಕೆ ಶತ್ರು. ಪೂರ್ತಿ ಅಂಗಳಕ್ಕೆ ಕಲ್ಲು ಹಾಸಬೇಕಿಲ್ಲ. 120 ಸೆಂ.ಮೀ. ಅಗಲದ ಒಂದು ಗಟ್ಟಿ ಪಟ್ಟಿ ಸಾಕು. ಅಲ್ಲೇ ಸಿಗುವ ಚಪ್ಪಡಿಯನ್ನು ಮರಳ ಹಾಸಿನ ಮೇಲೆ ಸಂದಿಲ್ಲದಂತೆ ಕೂರಿಸಿದರೆ ಬೇಕಾದಾಗ ಎತ್ತಿ ತೆಗೆಯಬಹುದು. ಅಗೆಯುವ ಮುಂಚೆ ಮಾತ್ರ ಇಲಾಖೆಯನ್ನು ಕೇಳಲೇಬೇಕು. ಹಳೇ ಗುಡಿಯ ಅಂಗಳದಲ್ಲಿ ಒಂದು ಅಡಿ ಕೆಳಗೇ ಇನ್ನೊಂದು ಕಾಲದ ಅಡಿಪಾಯ ಇರಬಹುದು.

ದೂರ ಜಾಸ್ತಿ ಇದ್ದರೆ ವಾಹನ ಬೇಕು. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಸುಮಾರು ಒಂದು ಕಿಲೋಮೀಟರ್ ದೂರದಲ್ಲೇ ಗಾಡಿಗಳನ್ನು ನಿಲ್ಲಿಸಿ, ಅಲ್ಲಿಂದ ಬ್ಯಾಟರಿ ವಾಹನದಲ್ಲಿ ಕರೆದೊಯ್ಯುತ್ತಾರೆ. ಹೊಗೆ, ಅದುರಾಟ ಸ್ಮಾರಕಕ್ಕೆ ತಾಗದಿರಲಿ ಅಂತ ಮಾಡಿದ ಏರ್ಪಾಡು ನಡೆಯಲಾರದವರಿಗೂ ಅನುಕೂಲವೇ. ನಿಮ್ಮೂರಲ್ಲೂ ಹೀಗೆ ಮಾಡುವುದಾದರೆ ಗಾಡಿಯ ನೆಲ ಎಷ್ಟು ಎತ್ತರ, ಮಡಚಿದ ವೀಲ್‌ಚೇರ್ ಇಡಲು ಜಾಗ ಇದೆಯಾ ಅಂತ ಖರೀದಿಗೆ ಮುಂಚೆಯೇ ನೋಡಿ.

5. ಜಗತಿಗೆ ಹತ್ತುವುದು: ರ‍್ಯಾಂಪಿನ ಲೆಕ್ಕ

ಉದಾಹರಣೆಗೆ ಹೊಯ್ಸಳ ಗುಡಿಯನ್ನೇ ತೆಗೆದುಕೊಳ್ಳೋಣ. ಇವು ಸಾಮಾನ್ಯವಾಗಿ ನಕ್ಷತ್ರದ ಆಕಾರದ ಎತ್ತರದ ಜಗತಿಯ, ಅಂದರೆ ಕಲ್ಲಿನ ಕಟ್ಟೆಯ, ಮೇಲೆ ಕೂತಿರುತ್ತವೆ. ಗರ್ಭಗುಡಿ ಸುತ್ತ ಒಳಗಡೆ ಪ್ರದಕ್ಷಿಣೆಗೆ ಜಾಗ ಇರುವುದಿಲ್ಲ, ಜಗತಿಯ ಮೇಲೆ ಹೊರಗಿನಿಂದಲೇ ಸುತ್ತು ಬರಬೇಕು. ಆನೆ, ಕುದುರೆ, ಬಳ್ಳಿ, ಪುರಾಣದ ಕತೆಗಳ ಸಾಲು ಎಲ್ಲ ಇರುವುದು ಆ ಹೊರಗೋಡೆಯಲ್ಲೇ. ಅಂದರೆ ಒಮ್ಮೆ ಜಗತಿ ಹತ್ತಿಸಿಬಿಟ್ಟರೆ ಶಿಲ್ಪದ ಬಹುಪಾಲು ಒಂದೇ ಮಟ್ಟದ ನೆಲದಲ್ಲಿ ಕೈಗೆಟುಕುತ್ತದೆ. ಒಂದೇ ರ‍್ಯಾಂಪಿಗೆ ಇಷ್ಟು ಫಲ ಕೊಡುವ ಕಟ್ಟಡ ಬೇರೆ ಇಲ್ಲ.

ಜಗತಿ 90 ಸೆಂ.ಮೀ. ಎತ್ತರ ಇದೆ ಅಂತಿಟ್ಟುಕೊಳ್ಳಿ. 12ಕ್ಕೆ 1 ಅಂದರೆ 10.8 ಮೀಟರ್ ಇಳಿಜಾರು ಬೇಕು. ಒಂದೇ ಉಸಿರಿಗೆ ಅಷ್ಟು ಹತ್ತಲು ಆಗಲ್ಲ. 9 ಮೀಟರಿನ ಒಳಗೆ ಒಂದು ಸಮತಟ್ಟು ನಿಲುಗಡೆ ಬೇಕು, ಒಂದೂವರೆ ಮೀಟರ್ ಉದ್ದದ್ದು. ಬುಡದಲ್ಲಿ ಒಂದು, ತುದಿಯಲ್ಲಿ ಒಂದು ಅಷ್ಟೇ ಉದ್ದದ್ದು. ಎಲ್ಲ ಸೇರಿ 15.3 ಮೀಟರ್! ಇಷ್ಟುದ್ದದ ರ‍್ಯಾಂಪನ್ನು ಗುಡಿಯ ಎದುರಿಗೆ ಚಾಚಿದರೆ ಫೋಟೋ ತೆಗೆಯುವವರು ಶಾಪ ಹಾಕುತ್ತಾರೆ, ಇಲಾಖೆಯೂ ಒಪ್ಪಲ್ಲ. ಹಾಗಾಗಿ 5.4 ಮೀಟರಿನ ಎರಡು ತುಂಡು ಮಾಡಿ, ನಡುವೆ ತಿರುವು ಕೊಟ್ಟು, ಮುಖ್ಯ ಮೆಟ್ಟಿಲಿನ ಪಕ್ಕದಲ್ಲಿ ಜಗತಿಗೆ ಒತ್ತಿದಂತೆ ಮಡಚಿ ಇಡಬಹುದು.

ಪಕ್ಕದಲ್ಲಿ ಅಂದೆ. ಹಿಂಬದಿಯಲ್ಲಿ ಅಲ್ಲ. ಪಾತ್ರೆ ತೊಳೆಯುವ ಜಾಗದ ಕಡೆಯಿಂದ, ಕಸದ ಬುಟ್ಟಿ ದಾಟಿಕೊಂಡು ಒಳಗೆ ಕರೆದೊಯ್ಯುವ ರ‍್ಯಾಂಪುಗಳನ್ನು ನೋಡಿದ್ದೇನೆ. ಎಲ್ಲರ ಜೊತೆ ಮುಂದಿನಿಂದಲೇ ಹೋಗುವ ಹಾಗೆ ಮಾಡಲು ಕೊನೇವರೆಗೆ ಜಗ್ಗಾಡಿ.

ಯಾವುದರಲ್ಲಿ ಕಟ್ಟಬೇಕು? ಈ ಪ್ರಶ್ನೆಗೆ ಕಲ್ಲೇ ಉತ್ತರ ಹೇಳುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಗಳು ಬಳಪದ ಕಲ್ಲಿನವು. ಅಷ್ಟು ನಯವಾದ ಕೆತ್ತನೆ ಸಾಧ್ಯವಾಗಿದ್ದು ಆ ಕಲ್ಲು ಮೆತ್ತಗಿದ್ದರಿಂದ. ಅದೇ ಕಾರಣಕ್ಕೆ ಒಂದು ಕಬ್ಬಿಣದ ಮೂಲೆ ತಾಗಿದರೂ ಗೀರು ಬೀಳುತ್ತದೆ. ಸಿಮೆಂಟ್ ಅಂತೂ ಬೇಡವೇ ಬೇಡ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ, ಅದರ ಉಪ್ಪು ಹಳೇ ಕಲ್ಲಿಗೆ ಇಳಿದು ಮೇಲ್ಪದರ ಉದುರುತ್ತದೆ. ನಾಳೆ ತೆಗೆಯಬೇಕು ಅಂದರೆ ಕಲ್ಲು ಒಡೆಯದೆ ತೆಗೆಯೋಕಾಗಲ್ಲ.

ಆದ್ದರಿಂದ ರ‍್ಯಾಂಪ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಜಂಗು ಹಿಡಿಯದ ಉಕ್ಕಿನ ಚೌಕಟ್ಟು, ಮೇಲೆ ಮರದ ಹಲಗೆ, ಕಾಲುಗಳಡಿ ದಪ್ಪ ರಬ್ಬರ್. ಡ್ರಿಲ್ ಇಲ್ಲ, ಬೋಲ್ಟ್ ಇಲ್ಲ. ಜಗತಿಗೂ ರ‍್ಯಾಂಪಿಗೂ ನಡುವೆ ಬೆರಳು ಹೋಗುವಷ್ಟು ಸಂದು ಬಿಡಿ, ಮೇಲೆ ಮಾತ್ರ ತೆಳ್ಳಗಿನ ರಬ್ಬರ್ ಪಟ್ಟಿ ಸೇತುವೆಯಂತೆ ಇರಲಿ. ಒಂದು ದಿನ ಸ್ಪ್ಯಾನರ್ ಹಿಡಿದು ಬಿಚ್ಚಿದರೆ, ಅಲ್ಲಿ ರ‍್ಯಾಂಪ್ ಇತ್ತು ಅಂತ ಕಲ್ಲಿಗೇ ಗೊತ್ತಾಗಬಾರದು.

ನಮ್ಮ ಕಡೆ ಇನ್ನೊಂದು ವಿಷಯವಿದೆ, ಬೇರೆ ದೇಶದ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ. ನಾವು ಬರಿಗಾಲಲ್ಲಿ ನಡೆಯುವವರು. ಏಪ್ರಿಲ್ ಮಧ್ಯಾಹ್ನ ಉಕ್ಕಿನ ತಗಡಿನ ಮೇಲೆ ಕಾಲಿಟ್ಟು ನೋಡಿ. ರ‍್ಯಾಂಪನ್ನು ಕೋಲು ಹಿಡಿದ ಅಜ್ಜನೂ ಬಳಸುತ್ತಾನೆ, ವೀಲ್‌ಚೇರ್ ತಳ್ಳುವ ಮಗಳೂ ಬಳಸುತ್ತಾಳೆ. ಅದಕ್ಕೇ ಮರದ ಹಲಗೆ ಅಂದಿದ್ದು. ಕೈಕಂಬಿಗೂ ಬಿಸಿಲಲ್ಲಿ ಸುಡದಂತೆ ಮರ ಅಥವಾ ಹಗ್ಗದ ಸುತ್ತು ಇರಲಿ. ಕಂಬಿ ಎರಡೂ ಬದಿಗೆ ಬೇಕು, ಎರಡು ಎತ್ತರದಲ್ಲಿ, ಸುಮಾರು 70 ಮತ್ತು 90 ಸೆಂ.ಮೀ. ಅಂಚಿನಲ್ಲಿ ಚಕ್ರ ಜಾರದಂತೆ ಒಂದು ಸಣ್ಣ ತಡೆ.

"ಇದೆಲ್ಲ ಪುರಾತನ ಕಟ್ಟಡದಲ್ಲಿ ಆಗೋದಿಲ್ಲ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರಿಗೆ 2001ರ ಕತೆ ಹೇಳಿ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಅಲ್ಲಿನ ಸ್ಮಾರಕಗಳಿಗೆ ಮರದ ತಾತ್ಕಾಲಿಕ ರ‍್ಯಾಂಪ್‌ಗಳು ಬಂದವು. ಅಥೆನ್ಸಿನ ಆಕ್ರೋಪೊಲಿಸ್ ಗುಡ್ಡಕ್ಕೆ 2020ರ ಕೊನೆಯಲ್ಲಿ ಹೊಸ ಲಿಫ್ಟ್ ಬಂತು. ಮರುವರ್ಷ ಅಲ್ಲಿನ ಕಾಂಕ್ರೀಟ್ ಕಾಲುದಾರಿಗೆ ದೊಡ್ಡ ಗಲಾಟೆಯೂ ಆಯಿತು. ಬೈದವರದ್ದು ಸುಮ್ಮನೆ ಹಟ ಅಂತ ನನಗನಿಸಲ್ಲ. ದಾರಿ ಬೇಕು ಅನ್ನುವುದಕ್ಕೂ ಅದನ್ನು ಯಾವುದರಲ್ಲಿ ಮಾಡಬೇಕು ಅನ್ನುವುದಕ್ಕೂ ವ್ಯತ್ಯಾಸ ಇದೆ.

6. ಹೊಸ್ತಿಲು, ಕತ್ತಲು, ಮಡಿ

ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವವರು ನಾವು. ಅದನ್ನು ಕಡಿಯುವ ಮಾತೇ ಇಲ್ಲ. ಅದರ ಮೇಲೆ ಹಾಯುವ ಮರದ ಪುಟ್ಟ ಸೇತುವೆ ಮಾಡಿಸಿ. ಹೊಸ್ತಿಲನ್ನು ಮುಟ್ಟದೆ ಎರಡೂ ಬದಿಗೆ ಇಳಿಯುವಂಥದ್ದು, ಇಬ್ಬರು ಎತ್ತಿ ಪಕ್ಕಕ್ಕಿಡುವಂಥದ್ದು. ಆದರೆ ಲೆಕ್ಕ ಮರೆಯಬೇಡಿ. ಹೊಸ್ತಿಲು 15 ಸೆಂ.ಮೀ. ಇದ್ದರೆ ಪ್ರತಿ ಬದಿಗೂ 1.8 ಮೀಟರ್ ಬೇಕು. ನವರಂಗದ, ಅಂದರೆ ಗುಡಿಯೊಳಗಿನ ಕಂಬಗಳ ಮಂಟಪದ, ಒಳಗೆ ಅಷ್ಟು ಜಾಗ ಸಿಗಬಹುದು. ಗರ್ಭಗುಡಿಯ ಮುಂದಿನ ಪುಟ್ಟ ಕೋಣೆಯಾದ ಸುಕನಾಸಿಯ ಬಾಗಿಲಲ್ಲಿ ಸಾಮಾನ್ಯವಾಗಿ ಸಿಗಲ್ಲ. ಅಲ್ಲಿಗೆ ನಿಲ್ಲಿಸಿ, ಆ ಜಾಗದಿಂದ ದೇವರು ನೇರ ಕಾಣುವಂತೆ ನೋಡಿಕೊಳ್ಳಿ. ಕೂತವರ ಕಣ್ಣಿನ ಮಟ್ಟ ನೆಲದಿಂದ ನಾಲ್ಕಡಿಗಿಂತ ಕೆಳಗಿರುತ್ತದೆ. ಹುಂಡಿ ಅಡ್ಡ ಬರುತ್ತಿದೆಯಾ ಅಂತ ನೀವೇ ಸ್ಟೂಲ್ ಹಾಕಿ ಕೂತು ನೋಡಿ. ಬಹಳ ಕಡೆ ದರ್ಶನಕ್ಕೆ ಅಡ್ಡಿಯಾಗಿರುವುದು ಹುಂಡಿಯೇ!

ಇನ್ನು ಮಡಿ. ರಸ್ತೆಯಲ್ಲಿ ಓಡಿದ ಚಕ್ರ ಒಳಗೆ ಬರಬಾರದು ಅನ್ನುವ ಅರ್ಚಕರು ಇದ್ದಾರೆ. ಜಗಳ ಆಡಿದರೆ ಕೆಲಸ ಕೆಡುತ್ತದೆ. ಗುಡಿಯದ್ದೇ ಎರಡು ವೀಲ್‌ಚೇರ್ ಇಡಿ, ಒಳಗಡೆಗೆ ಮಾತ್ರ ಅಂತ. ಆದರೆ ಬೆನ್ನುಮೂಳೆ ಪೆಟ್ಟಾದವರಿಗೆ ತಮ್ಮ ಕುರ್ಚಿ ಬಿಟ್ಟು ಬೇರೆಯದರಲ್ಲಿ ಕೂರಲು ಆಗದಿರಬಹುದು. ಅವರಿಗೆ ಬಾಗಿಲಲ್ಲೇ ಚಕ್ರ ತೊಳೆಯಲು ಒಂದು ಬಕೆಟ್ ನೀರು, ಒರೆಸಲು ಬಟ್ಟೆ ಇರಲಿ. ನಾವು ಕಾಲು ತೊಳೆದು ಒಳಗೆ ಹೋಗುವುದಿಲ್ವಾ, ಹಾಗೆಯೇ. ಹೀಗೆ ವಿವರಿಸಿದರೆ ಬಹಳ ಜನ ಒಪ್ಪುತ್ತಾರೆ.

ನವರಂಗದ ಕತ್ತಲು ಕಣ್ಣು ಮಂದ ಇರುವವರಿಗೆ ನಿಜಕ್ಕೂ ಅಪಾಯ. ಹೊರಗಿನ ಬಿಸಿಲಿನಿಂದ ಬಂದವರು ಒಂದು ನಿಮಿಷ ನಿಲ್ಲಲು ಬಾಗಿಲ ಪಕ್ಕ ಜಾಗ ಬಿಡಿ. ನೆಲದ ಮೇಲೆ ನಿಲ್ಲುವ ಎಲ್‌ಇಡಿ ದೀಪ ಇಡಿ, ಕಂಬಕ್ಕೆ ಮೊಳೆ ಹೊಡೆಯಬೇಡಿ. ಮೆಟ್ಟಿಲಂಚು ಕಾಣಲಿ ಅಂತ ಹಳದಿ ಬಣ್ಣ ಬಳಿಯುವ ಚಟ ಬೇರೆ ಇದೆ. ಎತ್ತಿಡಬಹುದಾದ ಗಾಢ ಬಣ್ಣದ ಚಾಪೆ ಹಾಸಿದರೆ ಸಾಕು.

7. ಕಾಣದವರಿಗೆ, ಕೇಳದವರಿಗೆ

ರ‍್ಯಾಂಪ್ ಆದ ಕೂಡಲೇ ಕೆಲಸ ಮುಗಿಯಿತು ಅಂತ ಫೋಟೋ ತೆಗೆಸಿಕೊಳ್ಳುವವರೇ ಜಾಸ್ತಿ. ಕಣ್ಣು ಕಾಣದವರಿಗೆ ಜಗತಿ ಹತ್ತುವುದು ದೊಡ್ಡ ವಿಷಯ ಅಲ್ಲ. ಹತ್ತಿದ ಮೇಲೆ ಅಲ್ಲಿ ಏನಿದೆ ಅನ್ನುವುದೇ ವಿಷಯ.

ಮೂಲ ಶಿಲ್ಪವನ್ನು ಎಲ್ಲರೂ ಮುಟ್ಟಿದರೆ ಕೈಯ ಜಿಡ್ಡಿಗೆ ಕಲ್ಲು ಸವೆಯುತ್ತದೆ. ಹಾಗಂತ ಮುಟ್ಟಲು ಏನೂ ಇಡದಿರುವುದು ಸರಿಯಲ್ಲ. ಅದೇ ಜಾತಿಯ ಕಲ್ಲಿನಲ್ಲಿ ಒಂದು ನಕಲು ಮಾಡಿಸಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇವತ್ತಿಗೂ ಶಿಲ್ಪ ಕೆತ್ತುವ ಕುಟುಂಬಗಳಿವೆ. ಒಂದು ಆನೆಯ ಸಾಲು, ಒಂದು ಬಳ್ಳಿಯ ತುಂಡು, ಗುಡಿಯ ಪೂರ್ತಿ ನಕ್ಷೆಯ ಒಂದು ಉಬ್ಬುಮಾದರಿ, ಈ ಮೂರು ಸಾಕು. ಮೇಜಿನ ಎತ್ತರ 75ರಿಂದ 80 ಸೆಂ.ಮೀ., ಕೆಳಗೆ ಮೊಣಕಾಲು ಹೋಗುವಷ್ಟು ಜಾಗ. ಹೀಗೆ ಮಾಡಿದರೆ ಮೊದಲು ಓಡಿಬಂದು ಮುಟ್ಟುವುದು ಶಾಲಾ ಮಕ್ಕಳು, ನೋಡುತ್ತಿರಿ.

ಬ್ರೈಲ್ ಫಲಕ ಕನ್ನಡದಲ್ಲಿರಲಿ. ಮೈಸೂರಿನಲ್ಲಿ ಸರಕಾರಿ ಬ್ರೈಲ್ ಮುದ್ರಣಾಲಯವೇ ಇದೆ. ಫಲಕವನ್ನು ತಲೆಯೆತ್ತರಕ್ಕೆ ಹಾಕಬೇಡಿ. ಬೆರಳು ಆರಾಮಾಗಿ ಓಡುವ ಸೊಂಟದೆತ್ತರದಲ್ಲಿ, ಸ್ವಲ್ಪ ಓರೆಯಾಗಿ, ನೆರಳಿನಲ್ಲಿ ಇಡಿ. ಲೋಹದ್ದಾದರೆ ಬಿಸಿಲಿಗೆ ಬೆರಳು ಸುಡುತ್ತದೆ. ಅಂಟಿಸುವ ಮುಂಚೆ ಓದಬಲ್ಲವರೊಬ್ಬರಿಂದ ಓದಿಸಿ, ತಲೆಕೆಳಗಾಗಿ ಹಾಕಿಬಿಟ್ಟರೆ ನಮಗೆ ಗೊತ್ತೇ ಆಗಲ್ಲ. ಬ್ರೈಲ್ ಕಲಿಯದ ಅಂಧರೂ ಬಹಳ ಜನ ಇದ್ದಾರೆ. ಅವರಿಗೆ ಆಡಿಯೋ ಬೇಕು.

ಆಡಿಯೋ ಬರೆಯುವುದು ಒಂದು ಕಲೆ. ಬೇಲೂರಿನ ದರ್ಪಣ ಸುಂದರಿಯನ್ನೇ ನೋಡಿ. ಸಾಮಾನ್ಯವಾಗಿ ನಮ್ಮ ವಿವರಣೆ ಹೀಗಿರುತ್ತದೆ: "ಅತ್ಯದ್ಭುತ ಸೌಂದರ್ಯದ ಈ ಶಿಲ್ಪ ನೋಡುಗರ ಕಣ್ಮನ ಸೆಳೆಯುತ್ತದೆ." ಕಾಣದವರಿಗೆ ಇದರಿಂದ ಸಿಕ್ಕಿದ್ದು ಸೊನ್ನೆ. ಹೀಗೆ ಹೇಳಿ ನೋಡಿ: "ನಿಮ್ಮ ತಲೆಗಿಂತ ಬಹಳ ಮೇಲೆ, ಸೂರಿನ ಕೆಳಗೆ, ಒಬ್ಬ ಹೆಣ್ಣು ನಿಂತಿದ್ದಾಳೆ. ಶಿಲ್ಪ ಗೋಡೆಯಿಂದ ನಿಮ್ಮ ಕಡೆಗೆ ಓರೆಯಾಗಿ ಬಾಗಿದೆ. ಕತ್ತು, ಸೊಂಟ, ಮಂಡಿ ಮೂರೂ ಬೇರೆ ಬೇರೆ ಕಡೆ ಬಳುಕಿವೆ. ಒಂದು ಕೈಯಲ್ಲಿ ದುಂಡನೆ ಕನ್ನಡಿ ಎತ್ತಿ ಹಿಡಿದು ತನ್ನ ಮುಖ ನೋಡಿಕೊಳ್ಳುತ್ತಿದ್ದಾಳೆ. ತಲೆಯ ಮೇಲೆ ಎಲೆ ಬಳ್ಳಿಗಳ ಕಮಾನು. ಇದಿಷ್ಟೂ ಕಲ್ಲು." ಎಲ್ಲಿದೆ, ಎಷ್ಟು ದೊಡ್ಡದು, ಯಾವ ಭಂಗಿ, ಕೈಯಲ್ಲಿ ಏನು, ಈ ಕ್ರಮದಲ್ಲಿ ಹೇಳಿ. ಹೊಗಳಿಕೆ ಕೇಳುವವರಿಗೆ ಬಿಡಿ.

ಕೆಲವು ಸ್ಮಾರಕಗಳು ಕಿವಿಗೇ ಕಟ್ಟಿದಂತಿವೆ. ವಿಜಯಪುರದ ಗೋಲ್ ಗುಂಬಜ್‌ನಲ್ಲಿ ಪಿಸುಮಾತು ಸುತ್ತು ಹಾಕಿ ಬರುವ ಗ್ಯಾಲರಿ ಇದೆ, ಆದರೆ ಮೂಲೆಯ ಏಳಂತಸ್ತಿನ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಬೇಕು. ಹತ್ತಲಾಗದವರಿಗೆ ಕೆಳಗೆ ಹೆಡ್‌ಫೋನಿನಲ್ಲಿ ಆ ಮಾರ್ದನಿಯ ರೆಕಾರ್ಡಿಂಗ್ ಕೇಳಿಸಬಹುದು. ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನು ತಟ್ಟಲು ಈಗ ಬಿಡುವುದಿಲ್ಲ, ಸರಿಯಾಗೇ ಇದೆ. ಅಲ್ಲೂ ರೆಕಾರ್ಡಿಂಗೇ ದಾರಿ.

ಕಿವಿ ಕೇಳದವರಿಗೆ ಗೈಡ್ ಹೇಳುವ ಕತೆ ಪೂರ್ತಿ ನಷ್ಟ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಐದು ನಿಮಿಷದ ವೀಡಿಯೊ ಮಾಡಿಸಿ ಕ್ಯೂಆರ್ ಕೋಡ್ ಇಡಿ. ಸಂಜ್ಞೆ ಮಾಡುವವರು ಕಿವುಡ ಸಮುದಾಯದವರೇ ಆಗಿರಲಿ. ಅಕ್ಷರಗಳೂ ಕೆಳಗೆ ಬರಲಿ. ಬುದ್ಧಿಮಾಂದ್ಯತೆ ಇರುವವರಿಗೆ, ಆಟಿಸಂ ಇರುವ ಮಕ್ಕಳಿಗೆ ಗದ್ದಲವೇ ಕಷ್ಟ. ನಗಾರಿ, ಗಂಟೆ, ಮೈಕು ಯಾವ ಹೊತ್ತಿಗೆ ಇರುತ್ತದೆ ಅಂತ ಬೋರ್ಡು ಹಾಕಿದರೆ ಅಪ್ಪ ಅಮ್ಮ ಬೇರೆ ಹೊತ್ತಿಗೆ ಕರೆತರುತ್ತಾರೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

8. ಶೌಚಾಲಯ

ಎರಡೇ ಮಾತು. ಒಳಗಿನ ಅಳತೆ 2 ಮೀಟರ್‌ಗೆ 2.2 ಮೀಟರ್, ಬಾಗಿಲು ಹೊರಗೆ ತೆರೆಯಬೇಕು, ಕಮೋಡಿನ ಎರಡೂ ಪಕ್ಕ ಹಿಡಿ ಇರಬೇಕು. ಮತ್ತು ಅದರಲ್ಲಿ ಪೊರಕೆ, ಬಕೆಟ್, ಹಳೇ ಬ್ಯಾನರ್ ತುಂಬಿ ಬೀಗ ಹಾಕಬಾರದು. ಈ ಎರಡನೆಯದೇ ಕಷ್ಟ.

9. ಹತ್ತಲಾಗದ ಕಡೆ ಏನು ಮಾಡುವುದು

ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು. ಅಲ್ಲಿ ಡೋಲಿಯಲ್ಲಿ ಹೊತ್ತೊಯ್ಯುತ್ತಾರೆ. ಕೆಲವರಿಗೆ ಅದು ವರ, ಕೆಲವರಿಗೆ ನಾಲ್ಕು ಜನ ಹೊರುವುದೇ ಮುಜುಗರ. ಎರಡೂ ನಿಜ. ಬಾದಾಮಿಯ ಗುಹೆಗಳಿಗೂ ಕಡಿದಾದ ಮೆಟ್ಟಿಲುಗಳೇ. ಅಲ್ಲಿ ರ‍್ಯಾಂಪ್ ಕಟ್ಟುತ್ತೇನೆ ಅನ್ನುವುದು ಬಂಡೆಯನ್ನೇ ಹಾಳು ಮಾಡುವ ಮಾತು.

ಇಂಥ ಕಡೆ ಮೊದಲು ಪ್ರಾಮಾಣಿಕವಾಗಿ ಹೇಳಿ: ಎಷ್ಟು ಮೆಟ್ಟಿಲು, ಎಷ್ಟು ಎತ್ತರ, ಎಲ್ಲಿ ಕೂರಬಹುದು, ಎಲ್ಲಿಂದ ವಾಪಸ್ ಬರಬಹುದು. ಆಮೇಲೆ ಕೆಳಗೆ ನಿಂತವರಿಗೆ ಏನಿದೆ ಅಂತ ಯೋಚಿಸಿ. ಮೂರನೇ ಗುಹೆಯ ಒಳಗನ್ನು ತೋರಿಸುವ ಒಳ್ಳೆಯ ವೀಡಿಯೊ, ಅಲ್ಲಿರುವ ಕ್ರಿ.ಶ. 578ರ, ಚಾಲುಕ್ಯ ಮನೆತನದ ಮಂಗಳೇಶನ ಶಾಸನದ ಉಬ್ಬುಪ್ರತಿ ಕೆಳಗೇ ಸಿಗುವಂತಾದರೆ ಎಷ್ಟು ಚೆಂದ ಅಲ್ವಾ. ಪ್ರವಾಸದ ದಾರಿಯನ್ನೂ ಬದಲಿಸಬಹುದು. ಅಲ್ಲಿಂದ ಸುಮಾರು 22 ಕಿಲೋಮೀಟರ್ ದೂರದ ಪಟ್ಟದಕಲ್ಲಿನಲ್ಲಿ ಗುಡಿಗಳೆಲ್ಲ ಮಲಪ್ರಭೆಯ ದಂಡೆಯ ಮಟ್ಟಸ ನೆಲದಲ್ಲಿವೆ. ವೀಲ್‌ಚೇರಿನಲ್ಲಿ ಬರುವವರು ಅರ್ಧ ದಿನ ಅಲ್ಲಿ ಕಳೆಯುವಂತೆ ಯೋಜಿಸಿ, ಬಾದಾಮಿಗೆ ಒಂದು ಗಂಟೆ ಸಾಕು.

10. ಗೇಟಿನಲ್ಲಿ ನಿಂತವರು

ಕಾವಲುಗಾರ, ಟಿಕೆಟ್ ಕೊಡುವವರು, ಗೈಡ್, ಇವರಿಗೆ ಅರ್ಧ ದಿನದ ತರಬೇತಿ ಕೊಡಿ. ನಿಮ್ಮ ತಂಡದವರೇ ಕೊಡಲಿ. ಕೇಳದೆ ಕುರ್ಚಿ ಹಿಡಿಯಬೇಡಿ. ಕಣ್ಣು ಕಾಣದವರ ಕೈ ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ. ಜೊತೆಗೆ ಬಂದವರ ಹತ್ತಿರ "ಇವರಿಗೆ ಏನು ಬೇಕಂತೆ?" ಅಂತ ಕೇಳದೆ ಅವರನ್ನೇ ಕೇಳಿ. "ಪಾಪ" ಅನ್ನುವ ಪದವನ್ನು ಗೇಟಿನ ಹೊರಗೇ ಬಿಡಿ.

11. ಹಣ, ಅರ್ಜಿ, ಕ್ರಮ

ನಿಮ್ಮ ನೋಟ್‌ಬುಕ್ಕಿನ ಪಟ್ಟಿಯನ್ನು ಮೂರು ಭಾಗ ಮಾಡಿ. ಈ ವಾರವೇ ಮಾಡಬಹುದಾದದ್ದು: ಹುಂಡಿ ಸರಿಸುವುದು, ಶೌಚಾಲಯದ ಬೀಗ ತೆಗೆಯುವುದು, ಗೇಟಿನ ಅಡ್ಡಪೈಪು ಬಿಚ್ಚುವುದು, ನೆರಳಲ್ಲಿ ಎರಡು ಬೆಂಚು. ಈ ವರ್ಷ ಮಾಡಬಹುದಾದದ್ದು: ಆಡಿಯೋ, ಬ್ರೈಲ್, ನಕಲು ಶಿಲ್ಪ, ವೀಲ್‌ಚೇರ್. ಅನುಮತಿ ಬೇಕಾದದ್ದು: ದಾರಿ, ರ‍್ಯಾಂಪ್, ಹೊಸ ಶೌಚಾಲಯ. ಮೊದಲನೆಯದನ್ನು ಮುಗಿಸಿ, ಅದರ ಫೋಟೋ ಜೊತೆಗೆ ಮೂರನೆಯದರ ಅರ್ಜಿ ಹಾಕಿ. ಕೆಲಸ ಮಾಡಿ ತೋರಿಸಿದವರ ಅರ್ಜಿಗೆ ಬೆಲೆ ಬೇರೆ.

ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗೆಂದು ಶೇ. 5 ಹಣ ಮೀಸಲಿಡಬೇಕು. ಎಷ್ಟೋ ಕಡೆ ಅದು ಖರ್ಚಾಗದೆ ಉಳಿಯುತ್ತದೆ. ಗೇಟಿನ ಹೊರಗಿನ ದಾರಿಗೆ ಅದನ್ನು ಕೇಳಿ. ಎಎಸ್‌ಐ ಸ್ಮಾರಕಗಳಿಗೆ 2017ರಲ್ಲಿ ಶುರುವಾದ ಸ್ಮಾರಕ ದತ್ತು ಯೋಜನೆಯಲ್ಲಿ ಕಂಪನಿಗಳು ಇಂಥ ಸೌಲಭ್ಯಗಳಿಗೆ ಹಣ ಹಾಕಬಹುದು.

ಅರ್ಜಿಯ ಜೊತೆ ನಕ್ಷೆ, ಅಳತೆ, ಫೋಟೋ, "ಕಲ್ಲಿಗೆ ಡ್ರಿಲ್ ಇಲ್ಲ, ಸಿಮೆಂಟ್ ಇಲ್ಲ, ಒಂದು ದಿನದಲ್ಲಿ ಬಿಚ್ಚಬಹುದು" ಅನ್ನುವ ಸಾಲು ಇರಲಿ. ಕಲ್ಲಿಗೆ ಏನಾದರೂ ಆದೀತು ಅನ್ನುವುದೇ ಅಧಿಕಾರಿಯ ಮುಖ್ಯ ಭಯ.

12. ತಳ್ಳಿ ನೋಡಿ, ಮಳೆಗಾಲ ಕಳೆದ ಮೇಲೆ ಮತ್ತೆ ತಳ್ಳಿ

ಉದ್ಘಾಟನೆಗೆ ಒಂದು ವಾರ ಮುಂಚೆ ಹಳೇ ತಂಡವನ್ನೇ ಕರೆಯಿರಿ. ಬಸ್ ಸ್ಟಾಪಿನಿಂದ ಒಳಗೆ, ಶೌಚಾಲಯಕ್ಕೆ, ಮತ್ತೆ ಬಸ್ ಸ್ಟಾಪಿಗೆ. ಯಾರಾದರೂ ಕುರ್ಚಿ ಎತ್ತಬೇಕಾದ ಜಾಗಕ್ಕೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೆರೆ. ಗೆರೆ ಇದ್ದರೆ ರಿಬ್ಬನ್ ಕತ್ತರಿಸುವುದನ್ನು ಮುಂದಕ್ಕೆ ಹಾಕಿ.

ಆಮೇಲೆ ಮಾಹಿತಿಯನ್ನು ಇಂಟರ್ನೆಟ್ಟಿಗೆ ಹಾಕಿ. "ಸೌಲಭ್ಯ ಇದೆ" ಅಂತ ಮಾತ್ರ ಬರೆದರೆ ಯಾರೂ ನಂಬಲ್ಲ. ರ‍್ಯಾಂಪಿನ ಫೋಟೋ, ಇಳಿಜಾರಿನ ಲೆಕ್ಕ, ಬಾಗಿಲಿನ ಅಗಲ, ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ಆಗಲ್ಲ ಅಂತ ಬರೆಯಿರಿ.

ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು. ಮಳೆಗೆ ಮರಳು ಕೊಚ್ಚಿ ಚಪ್ಪಡಿ ಕುಸಿದಿರುತ್ತದೆ, ಮರದ ಹಲಗೆ ಮೇಲೆ ಪಾಚಿ ಬಂದಿರುತ್ತದೆ, ರಬ್ಬರಿನ ಕೆಳಗೆ ಗೆದ್ದಲು ಸೇರಿರುತ್ತದೆ. ರ‍್ಯಾಂಪ್ ಶುರುವಾಗುವ ಜಾಗದಲ್ಲಿ ನೆಲ ಎರಡು ಬೆರಳು ತಗ್ಗಿದ್ದರೂ ಅವತ್ತೇ ಮಣ್ಣು ತುಂಬಿಸಿ ಗಟ್ಟಿ ಮಾಡಿಸಿ. ಶೌಚಾಲಯದ ಕೀಲಿ ಈಗ ಯಾರ ಹತ್ತಿರ ಇದೆ ಅಂತಲೂ ಕೇಳಿಕೊಂಡು ಬನ್ನಿ.